ಲ್ಯಾಬಿನ ಬೀಗದಕೈ

ಜೂನ್ ಮೊದಲ ವಾರ. ಟೈಮ್‌ಟೇಬಲ್ ಹೊಂದಿಸುವ ಗಲಾಟೆಯಲ್ಲಿ ನಾವೆಲ್ಲ ಮುಳುಗಿದ್ದಾಗ ನಮ್ಮ ಹೆಡ್ಮಾಸ್ಟ್ರು ಸ್ಟಾಫ್ ರೂಮಿಗೆ ಬಂದು ನನ್ನೆದುರು ಒಂದು ಬೀಗದಕೈ ಇಟ್ಟರು. ಅದಕ್ಕೊಂದು ಕೆಂಪು ದಾರ, ದಾರಕ್ಕೊಂದು ರಟ್ಟಿನ ಚೀಟಿ. ಚೀಟಿಯ ಮೇಲೆ ‘ಕಂಪ್ಯೂಟರ್’ ಅಂತ ಬರೆದಿತ್ತು.

“ಮೇಡಂ, ಈ ವರ್ಷ ಎಂಟನೇ ಕ್ಲಾಸಿನ ಕಂಪ್ಯೂಟರ್ ಪೀರಿಯಡ್ ನೀವೇ ನೋಡ್ಕೊಂಡುಬಿಡಿ. ನಿಮ್ದು ಹೇಗೂ ಮ್ಯಾಥ್ಸ್ ಅಲ್ವಾ.”

ಆ ‘ಹೇಗೂ’ ಅನ್ನುವ ಪದ ಕೇಳಿ ನನ್ನ ಎದೆ ಧಸಕ್ಕೆಂದಿತು. ಮೊದಲಿದ್ದ ಕಂಪ್ಯೂಟರ್ ಮೇಷ್ಟ್ರು ಗುತ್ತಿಗೆಯ ಮೇಲೆ ಬಂದವರು. ಗುತ್ತಿಗೆ ಮುಗಿಯಿತು, ಹೋದರು. ಹತ್ತು ಕಂಪ್ಯೂಟರು ಉಳಿದವು. ಅವುಗಳಿಗೆ ನಮ್ಮ ಹೊಲಿಗೆ ಟೀಚರ್ ಚೆಂದದ ಹೂವಿನ ಬಟ್ಟೆಯ ಗವಸು ಹೊಲಿದುಕೊಟ್ಟಿದ್ದರು. ಆಯುಧಪೂಜೆಯ ದಿನ ಕುಂಕುಮ, ಚೆಂಡು ಹೂವು ಇಟ್ಟು ಮಂಗಳಾರತಿ ಮಾಡಿದ್ದು ಬಿಟ್ಟರೆ ಒಂದೂವರೆ ವರ್ಷದಿಂದ ಆ ಗವಸು ತೆಗೆದವರಿರಲಿಲ್ಲ.

ಈ ಅಂಕಣದಲ್ಲಿ ಮಕ್ಕಳ ತಪ್ಪುಗಳ ಬಗ್ಗೆ ಬೇಕಾದಷ್ಟು ಬರೆದಿದ್ದೇನೆ. ಅಪ್ಪ ಅಮ್ಮಂದಿರ ತಪ್ಪುಗಳನ್ನೂ ಬಿಟ್ಟಿಲ್ಲ. ಈ ಸಲ ನನ್ನ ಸರದಿ.

ನಾನು ಕಂಪ್ಯೂಟರನ್ನೇ ಮುಟ್ಟಿಲ್ಲ ಅಂತೇನಲ್ಲ. ಮಕ್ಕಳ ಹಾಜರಿ, ಅಂಕ, ಬಿಸಿಯೂಟದ ಲೆಕ್ಕ ಎಲ್ಲ ಆನ್‌ಲೈನ್‌ನಲ್ಲೇ ತುಂಬಬೇಕಾದ ಕಾಲ ಇದು. ಪ್ರಶ್ನೆಪತ್ರಿಕೆಯನ್ನು ನುಡಿಯಲ್ಲಿ ಟೈಪ್ ಮಾಡುತ್ತೇನೆ. ವಾಟ್ಸಾಪ್ ಗ್ರೂಪುಗಳಂತೂ ಲೆಕ್ಕವೇ ಇಲ್ಲ. ಆದರೆ ಕಂಪ್ಯೂಟರ್ ಬಳಸುವುದು ಬೇರೆ, ಅದು ಹೇಗೆ ಯೋಚಿಸುವಂತೆ ಮಾಡಬೇಕು ಅಂತ ಕಲಿಸುವುದು ಬೇರೆ. ದಿನಾ ಬಸ್ಸಿನಲ್ಲಿ ಓಡಾಡುವವಳಿಗೆ “ನೀವೇ ಡ್ರೈವಿಂಗ್ ಕಲಿಸಿ” ಅಂದ ಹಾಗಾಯಿತು.

ಇದರ ಹಿಂದೆ ಹಳೆಯ ಭಯವೂ ಒಂದಿತ್ತು. ನಾನು ಬಿ.ಎಸ್ಸಿ. ಓದುವಾಗ ನಮ್ಮ ಕಾಲೇಜಿನಲ್ಲಿ ಕಂಪ್ಯೂಟರ್ ಅಂತ ಒಂದೇ ಒಂದು ರೂಮಿತ್ತು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಎ.ಸಿ. ತಣ್ಣಗೆ. ಅಲ್ಲಿ ನಾವು ಕೈಕಟ್ಟಿ ನಿಂತು ನೋಡಿ ಬರುತ್ತಿದ್ದೆವು, ಗರ್ಭಗುಡಿ ನೋಡಿದ ಹಾಗೆ. “ಏನೂ ಮುಟ್ಟಬೇಡಿ” ಅನ್ನುವುದೇ ನಾನು ಕಲಿತ ಮೊದಲ ಕಂಪ್ಯೂಟರ್ ಪಾಠ. ಮೂವತ್ತು ವರ್ಷ ಕಳೆದರೂ ಆ ಪಾಠ ಮರೆತಿಲ್ಲ ನೋಡಿ.

ಹಾಗಾಗಿ ನಾನೇನು ಮಾಡಿದೆ ಗೊತ್ತಾ? ಗುರುವಾರದ ಐದನೇ ಪೀರಿಯಡ್ ಬಂದಾಗ ಲ್ಯಾಬಿಗೆ ಹೋಗುವ ಬದಲು ಕ್ಲಾಸಿಗೇ ಹೋಗಿ ಭಿನ್ನರಾಶಿ ರಿವಿಷನ್ ಮಾಡಿಸಿದೆ. ಮಕ್ಕಳು “ಮಿಸ್, ಕಂಪ್ಯೂಟರ್?” ಅಂದರೆ ಒಂದು ವಾರ “ಕರೆಂಟಿಲ್ಲ” ಅಂದೆ, ಇನ್ನೊಂದು ವಾರ “ಯುಪಿಎಸ್ ರಿಪೇರಿ” ಅಂದೆ. ಇವೆರಡೂ ಅರ್ಧ ನಿಜವೇ ಆಗಿದ್ದರಿಂದ ಸುಳ್ಳು ಹೇಳಿದೆ ಅಂತಲೂ ಅನ್ನಿಸುತ್ತಿರಲಿಲ್ಲ. ಆರು ವಾರ ಹೀಗೇ ನಡೆಯಿತು.

ಏಳನೇ ವಾರ ತಪ್ಪಿಸಿಕೊಳ್ಳಲಾಗಲಿಲ್ಲ. ಹಳೆಯ ಮೇಷ್ಟ್ರು ಬಿಟ್ಟುಹೋಗಿದ್ದ ನೋಟ್ಸ್ ಹಿಡಿದುಕೊಂಡು ಬೋರ್ಡಿನ ಮೇಲೆ ಬರೆಸತೊಡಗಿದೆ. ಹಾರ್ಡ್‌ವೇರ್ ಎಂದರೇನು, ಸಾಫ್ಟ್‌ವೇರ್ ಎಂದರೇನು. ಮಕ್ಕಳು ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದರು. ಬಾಯಿಮಾತಿನಲ್ಲಿ ನಾನು ಒಂದು ವಾಕ್ಯ ಸೇರಿಸಿದೆ: “ನಾವು ಉಳಿಸಿಟ್ಟ ಫೈಲುಗಳೆಲ್ಲ ರ‍್ಯಾಮ್‌ನಲ್ಲಿ ಇರುತ್ತವೆ.”

ಕೊನೆಯ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತ. ಗಣಿತದಲ್ಲಿ ಯಾವತ್ತೂ ಬಾಯಿ ಬಿಟ್ಟವನಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರ ಅವನ ಮಾವನದೊಂದು ಮೊಬೈಲ್ ರಿಪೇರಿ ಅಂಗಡಿಯಿದೆ. ಸಂಜೆ ಇವನು ಅಲ್ಲೇ ಕೂತಿರುತ್ತಾನೆ.

“ಮಿಸ್, ರ‍್ಯಾಮ್‌ನಲ್ಲಿ ಉಳಿಯಲ್ಲ. ಆಫ್ ಮಾಡಿದ್ರೆ ಅದ್ರಲ್ಲಿರೋದೆಲ್ಲ ಹೋಗುತ್ತೆ. ಫೈಲ್ ಇರೋದು ಹಾರ್ಡ್‌ಡಿಸ್ಕಲ್ಲಿ.”

ಅವನ ಧ್ವನಿಯಲ್ಲಿ ಕೊಬ್ಬಿರಲಿಲ್ಲ. ನಿಜ ಹೇಳಬೇಕೆಂದರೆ ಸಂತೋಷವಿತ್ತು, ತನಗೆ ಗೊತ್ತಿರುವುದೊಂದು ಕೊನೆಗೂ ಪಾಠದಲ್ಲಿ ಬಂತಲ್ಲ ಅನ್ನುವ ಸಂತೋಷ. ನನಗದು ಕಾಣಿಸಲಿಲ್ಲ. ನಲವತ್ತೆರಡು ಮಕ್ಕಳ ಕಣ್ಣು ನನ್ನ ಮೇಲಿದ್ದದ್ದು ಮಾತ್ರ ಕಾಣಿಸಿತು.

“ಓಹೋ! ಹಾಗಾದ್ರೆ ನೀನೇ ಬಂದು ಪಾಠ ಮಾಡಪ್ಪ. ನಾನು ನಿನ್ನ ಜಾಗದಲ್ಲಿ ಕೂತ್ಕೋತೀನಿ. ಮೊದ್ಲು ಮಗ್ಗಿ ಸರಿಯಾಗಿ ಕಲಿ.”

ಕ್ಲಾಸು ಗೊಳ್ಳೆಂದು ನಕ್ಕಿತು. ಅವನು ಕೂತ. ಬೆಲ್ಲು ಹೊಡೆಯುವವರೆಗೂ ತಲೆ ಎತ್ತಲಿಲ್ಲ.

ಆ ರಾತ್ರಿ ಊಟವಾದ ಮೇಲೆ ಮೊಬೈಲಿನಲ್ಲಿ ಹುಡುಕಿದೆ. ಅವನು ಹೇಳಿದ್ದು ಅಕ್ಷರಶಃ ಸರಿಯಾಗಿತ್ತು. ಕರೆಂಟು ಹೋದರೆ ಸೇವ್ ಮಾಡದ ಪ್ರಶ್ನೆಪತ್ರಿಕೆ ಮಾಯವಾಗುವುದನ್ನು ನಾನೇ ಎಷ್ಟು ಸಲ ಅನುಭವಿಸಿ ಗೊಣಗಿಕೊಂಡಿಲ್ಲ! ಕಾರಣ ಇದೇ ಅಂತ ಹದಿಮೂರು ವರ್ಷದ ಹುಡುಗನಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

ಮುಂದಿನ ಗುರುವಾರ ಅವನ ಜಾಗ ಖಾಲಿ. ಕೇಳಿದರೆ “ಗಿಡಕ್ಕೆ ನೀರು ಹಾಕೋಕೆ ಹೋಗಿದಾನೆ ಮಿಸ್” ಅಂದರು. ಅದರ ಮುಂದಿನ ಗುರುವಾರವೂ ಗಿಡಕ್ಕೆ ನೀರು. ಮಳೆ ಧೋ ಅಂತ ಸುರಿಯುತ್ತಿದ್ದ ಗುರುವಾರವೂ ಗಿಡಕ್ಕೆ ನೀರೇ.

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕಂಪನಿಯಲ್ಲಿರುವ ಮಗಳಿಗೆ ಫೋನ್ ಮಾಡಿ ಹೇಳಿಕೊಂಡೆ. ಅವಳು ನಕ್ಕುಬಿಟ್ಟಳು.

“ಅಮ್ಮಾ, ಗೊತ್ತಿಲ್ಲ ಅಂದ್ರೆ ಏನಾಯ್ತು? ನಾನು ಆಫೀಸಲ್ಲಿ ದಿನಕ್ಕೆ ಹತ್ತು ಸಲ ಹುಡುಕ್ತೀನಿ. ಪಕ್ಕದವರನ್ನ ಕೇಳ್ತೀನಿ. ಅದೇ ನಮ್ಮ ಕೆಲ್ಸ.”

“ನಿನ್ನ ಮುಂದೆ ನಲವತ್ತೆರಡು ಮಕ್ಕಳು ಕೂತಿರಲ್ವಲ್ಲೇ,” ಅಂದೆ.

ವಾರಾಂತ್ಯಕ್ಕೆ ಬಂದವಳು ಲ್ಯಾಪ್‌ಟಾಪ್ ತೆಗೆದು ನನಗೆ ಪಾಠಕ್ಕೆ ಕೂತಳು. ಹತ್ತು ನಿಮಿಷ ಚೆನ್ನಾಗಿತ್ತು. ಆಮೇಲೆ ನಾನು ಮೌಸ್ ಹಿಡಿದು ತಡಕಾಡುವುದನ್ನು ನೋಡಲಾರದೆ “ಅಯ್ಯೋ, ಅಲ್ಲಲ್ಲಮ್ಮ, ಕೊಡಿಲ್ಲಿ” ಅಂತ ಕಿತ್ತುಕೊಂಡು ಟಕಟಕನೆ ಮಾಡಿ ತೋರಿಸಿ “ಇಷ್ಟೇ, ಗೊತ್ತಾಯ್ತಾ?” ಅಂದಳು. ನನಗೆ ಗೊತ್ತಾಗಿದ್ದು ಒಂದೇ, ನನ್ನ ಕೈಯಲ್ಲಿ ಆಗಲ್ಲ ಅನ್ನುವುದು. ನಮ್ಮ ಮನೆಯವರು ಪೇಪರ್ ಓದುತ್ತಾ ಕೂತಲ್ಲಿಂದಲೇ, “ನೀನೂ ಮಗ್ಗಿ ಹೇಳ್ಕೊಡುವಾಗ ಅವಳಿಗೆ ಹೀಗೇ ಮಾಡ್ತಿದ್ದೆ” ಅಂದರು. ಅಡುಗೆಮನೆಗೆ ಎದ್ದುಹೋದೆ.

ಆದರೆ ಅವರ ಮಾತು ಬೆನ್ನು ಬಿಡಲಿಲ್ಲ. ಬಿ.ಎಡ್.ನಲ್ಲಿ ಓದಿ ಮರೆತಿದ್ದ ಆಲ್ಬರ್ಟ್ ಬಂಡುರಾ ನೆನಪಾದರು. ‘ಈ ಕೆಲಸ ನನ್ನಿಂದ ಆಗುತ್ತದೆ’ ಎಂಬ ನಂಬಿಕೆ ಮನುಷ್ಯನಿಗೆ ಎಲ್ಲಿಂದ ಬರುತ್ತದೆ ಅಂತ 1977ರಲ್ಲಿ ಬರೆದ ಮನಃಶಾಸ್ತ್ರಜ್ಞ ಅವರು. ನಾಲ್ಕು ಮೂಲಗಳನ್ನು ಹೇಳುತ್ತಾರೆ. ನಾನು ಅದನ್ನು ಒಬ್ಬಟ್ಟಿನ ಲೆಕ್ಕದಲ್ಲಿ ಹೇಳುತ್ತೇನೆ. ನಾನೇ ಒಂದು ಒಬ್ಬಟ್ಟು ಹರಿಯದ ಹಾಗೆ ತಟ್ಟಿದ್ದೇನೆ ಅನ್ನುವುದು ಮೊದಲನೆಯದು, ಎಲ್ಲಕ್ಕಿಂತ ಗಟ್ಟಿಯಾದದ್ದು. ನನ್ನಂಥವಳೇ ಆದ ಪಕ್ಕದ ಮನೆಯಾಕೆ ತಟ್ಟಿದ್ದನ್ನು ಕಣ್ಣಾರೆ ನೋಡಿದ್ದೇನೆ ಅನ್ನುವುದು ಎರಡನೆಯದು. “ನಿನ್ ಕೈಲಾಗುತ್ತೆ ಕಣೇ” ಅಂತ ನಂಬುವವರೊಬ್ಬರು ಹೇಳಿದ್ದಾರೆ ಅನ್ನುವುದು ಮೂರನೆಯದು. ಬಾಣಲೆ ಮುಂದೆ ನಿಂತಾಗ ಕೈ ನಡುಗುತ್ತಿದೆಯೋ ಇಲ್ಲವೋ ಅನ್ನುವುದು ನಾಲ್ಕನೆಯದು.

ಇದನ್ನು ನನ್ನ ಪರಿಸ್ಥಿತಿಗೆ ಇಟ್ಟು ನೋಡಿದೆ. ನಾನೇ ಮಾಡಿದ್ದು? ಇಲ್ಲ. ನನ್ನಂಥವರು ಮಾಡಿದ್ದು ನೋಡಿದ್ದು? ಇಲ್ಲ, ನೋಡಿದ್ದೆಲ್ಲ ಮಗಳಂಥ ಪರಿಣತರನ್ನು. ಯಾರಾದರೂ ಆಗುತ್ತೆ ಅಂದಿದ್ದು? ‘ಹೇಗೂ ಮ್ಯಾಥ್ಸ್ ಅಲ್ವಾ’ ಅಂದರು ಅಷ್ಟೇ. ಇನ್ನು ಕೈ ನಡುಕ, ಅದು ಧಾರಾಳವಾಗಿತ್ತು. ನಾಲ್ಕಕ್ಕೆ ನಾಲ್ಕೂ ಸೊನ್ನೆ. ನನ್ನಲ್ಲೇ ಏನೋ ಕೊರತೆಯಿದೆ ಅಂದುಕೊಂಡಿದ್ದೆ. ಆತ್ಮವಿಶ್ವಾಸ ಹುಟ್ಟುಗುಣ ಅಲ್ಲ, ಅದಕ್ಕೂ ಅಕ್ಕಿ ಬೇಳೆ ಬೇಕು, ನನಗೆ ಯಾರೂ ರೇಷನ್ ಕೊಟ್ಟಿರಲಿಲ್ಲ ಅಂತ ಆಗ ಅರ್ಥವಾಯಿತು.

ಇದು ನಮ್ಮೂರಿನ ಶಾಲೆಯೊಂದರ ಕಥೆಯೂ ಅಲ್ಲ. ನಮ್ಮ ದೇಶದ ಶಾಲೆಗಳಿಗೆ ಕಂಪ್ಯೂಟರ್ ಬಂದದ್ದು 1984ರಲ್ಲಿ, ‘ಕ್ಲಾಸ್’ ಎಂಬ ಕೇಂದ್ರ ಸರ್ಕಾರದ ಯೋಜನೆಯಲ್ಲಿ. ಇಂಗ್ಲೆಂಡಿನಿಂದ ಬಿಬಿಸಿ ಮೈಕ್ರೋ ಎಂಬ ಯಂತ್ರಗಳು ಬಂದವು. ಅಂದಿನಿಂದ ಎಷ್ಟೋ ಯೋಜನೆಗಳು ಬಂದು ಹೋಗಿವೆ. ನಾನು ಕಂಡಂತೆ ಯಂತ್ರ ಮೊದಲು ಬರುತ್ತದೆ, ಬೀಗ ಆಮೇಲೆ ಬರುತ್ತದೆ, ಕಲಿಸುವವರ ಯೋಚನೆ ಎಲ್ಲಕ್ಕಿಂತ ಕೊನೆಗೆ ಬರುತ್ತದೆ. ಈಗ 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರನೇ ತರಗತಿಯಿಂದಲೇ ಕೋಡಿಂಗ್ ಚಟುವಟಿಕೆ ಇರಲಿ ಅನ್ನುತ್ತದೆ. ಒಳ್ಳೆಯದೇ. ಮಾಡಿಸುವವರು ಯಾರು? ನನ್ನಂಥವರೇ.

ಸಿರಿವಂತ ದೇಶದಲ್ಲಾದರೂ ಸಲೀಸಾಯಿತಾ ಅಂದರೆ ಅದೂ ಇಲ್ಲ. ಇಂಗ್ಲೆಂಡಿನಲ್ಲಿ 2014ರ ಸೆಪ್ಟೆಂಬರಿನಿಂದ ಐದು ವರ್ಷದ ಮಕ್ಕಳಿಂದ ಹಿಡಿದು ಎಲ್ಲರಿಗೂ ‘ಕಂಪ್ಯೂಟಿಂಗ್’ ಪಾಠ ಶುರುವಾಯಿತು. ಅಲ್ಲಿವರೆಗೆ ಟೈಪಿಂಗು, ಸ್ಲೈಡು ಮಾಡುವುದು ಕಲಿಸುತ್ತಿದ್ದ ಟೀಚರುಗಳು ಒಮ್ಮೆಲೇ ಪ್ರೋಗ್ರಾಮಿಂಗ್ ಕಲಿಸಬೇಕಾಯಿತು. ಮೂರು ವರ್ಷ ಕಳೆದ ಮೇಲೆ, 2017ರಲ್ಲಿ, ಅಲ್ಲಿನ ರಾಯಲ್ ಸೊಸೈಟಿ ಒಂದು ವರದಿ ಕೊಟ್ಟಿತು. ಟೀಚರುಗಳಿಗೆ ತರಬೇತಿಯೂ ಸಾಲದು, ಧೈರ್ಯವೂ ಸಾಲದು ಅನ್ನುವುದು ಅದರ ಮುಖ್ಯ ಮಾತುಗಳಲ್ಲೊಂದು. ಆಮೇಲೆ ಸರ್ಕಾರ 8.4 ಕೋಟಿ ಪೌಂಡ್ ಇಟ್ಟು, ಟೀಚರುಗಳಿಗೆ ಕಲಿಸುವುದಕ್ಕಾಗಿಯೇ ರಾಷ್ಟ್ರಮಟ್ಟದ ಒಂದು ಕೇಂದ್ರ ತೆರೆಯಿತು. ಅಷ್ಟು ದೂರ ಹೋಗುವುದೂ ಬೇಡ, ಪಕ್ಕದ ಕೇರಳ ನೋಡಿ. 2001ರಲ್ಲಿ ಶುರುವಾದ ‘ಐಟಿ ಅಟ್ ಸ್ಕೂಲ್’ ಯೋಜನೆಯಲ್ಲಿ ಅವರು ಹೊರಗಿನ ಏಜೆನ್ಸಿಯ ಮೇಷ್ಟ್ರನ್ನು ನೆಚ್ಚಿಕೊಳ್ಳಲಿಲ್ಲ. ಶಾಲೆಯಲ್ಲಿದ್ದ ಗಣಿತ, ವಿಜ್ಞಾನ, ಭಾಷೆಯ ಟೀಚರುಗಳಿಗೇ ಕಲಿಸಿದರು. ಕಲಿಸಿದವರೂ ಟೀಚರುಗಳೇ. ಬಂಡುರಾ ಹೇಳಿದ ಎರಡನೇ ಮೂಲ ಇದೇ ಅಲ್ವಾ, ಪಕ್ಕದ ಮನೆಯಾಕೆಯ ಒಬ್ಬಟ್ಟು!

ನನಗೆ ಪಕ್ಕದ ಮನೆಯಾಕೆ ಸಿಕ್ಕಿದ್ದು ಶಾಲೆಗಳ ಸಮಾಲೋಚನಾ ಸಭೆಯೊಂದರಲ್ಲಿ. ಬೇರೊಂದು ಹೋಬಳಿಯ ವಿಜ್ಞಾನ ಟೀಚರ್, ವಯಸ್ಸಿನಲ್ಲಿ ನನಗಿಂತ ಎರಡು ವರ್ಷ ದೊಡ್ಡವರು. ಊಟದ ಹೊತ್ತಿನಲ್ಲಿ ನನ್ನ ಗೋಳು ಕೇಳಿ, “ಕಂಪ್ಯೂಟರ್ ಇಲ್ದೇನೇ ಶುರು ಮಾಡ್ರಿ. ನಾನೂ ಹಂಗೇ ಮಾಡಿದ್ದು” ಅಂದರು. ನ್ಯೂಜಿಲೆಂಡಿನ ಕ್ಯಾಂಟರ್‌ಬರಿ ವಿಶ್ವವಿದ್ಯಾಲಯದ ಟಿಮ್ ಬೆಲ್ ಮತ್ತವರ ಜೊತೆಗಾರರು ‘ಕಂಪ್ಯೂಟರ್ ಸೈನ್ಸ್ ಅನ್‌ಪ್ಲಗ್ಡ್’ ಅಂತ ಮಾಡಿದ್ದಾರಂತೆ. ರಟ್ಟು, ದಾರ, ಸೀಮೆಸುಣ್ಣ ಇಟ್ಟುಕೊಂಡು ಆಟದ ಮೂಲಕ ಕಂಪ್ಯೂಟರಿನ ತತ್ವ ಕಲಿಸುವುದು. ಅದರಲ್ಲೊಂದು ಆಟವನ್ನು ಟಿಫನ್ ಡಬ್ಬಿ ಪಕ್ಕಕ್ಕೆ ಸರಿಸಿ ಅಲ್ಲೇ ಆಡಿ ತೋರಿಸಿದರು.

ಮುಂದಿನ ಗುರುವಾರ ನಿಜಕ್ಕೂ ಕರೆಂಟಿರಲಿಲ್ಲ. ಮಕ್ಕಳನ್ನು ಹೊಂಗೆ ಮರದ ಕೆಳಗೆ ಕರೆದುಕೊಂಡು ಹೋದೆ. ಮದುವೆ ಕಾರ್ಡಿನ ಹಿಂಬದಿಯಲ್ಲಿ ಬೊಟ್ಟು ಇಟ್ಟು ಐದು ಕಾರ್ಡು ಮಾಡಿದ್ದೆ. ಬಲದಿಂದ ಎಡಕ್ಕೆ ಒಂದು ಬೊಟ್ಟು, ಎರಡು, ನಾಲ್ಕು, ಎಂಟು, ಹದಿನಾರು. ಐದು ಮಕ್ಕಳು ಒಂದೊಂದು ಹಿಡಿದು ನಿಲ್ಲಬೇಕು. ಕಾರ್ಡು ತೋರಿಸಿದರೆ ‘ಒಂದು’, ತಿರುಗಿಸಿ ಬೊಟ್ಟು ಮುಚ್ಚಿದರೆ ‘ಸೊನ್ನೆ’. ಹದಿಮೂರು ಬೇಕೆಂದರೆ ಎಂಟು, ನಾಲ್ಕು, ಒಂದರ ಕಾರ್ಡು ಮಾತ್ರ ತೋರಿಸಿ. ಅಂದರೆ 01101. ಹೀಗೆ ಐದೇ ಕಾರ್ಡಿನಲ್ಲಿ ಸೊನ್ನೆಯಿಂದ ಮೂವತ್ತೊಂದರವರೆಗೆ ಯಾವ ಸಂಖ್ಯೆ ಬೇಕಾದರೂ ಬರುತ್ತದೆ. ಕಂಪ್ಯೂಟರಿನ ಹೊಟ್ಟೆಯಲ್ಲಿ ಇರುವುದೂ ಇಷ್ಟೇ, ಇದೆ ಅಥವಾ ಇಲ್ಲ.

ನಾಲ್ಕು ಮಕ್ಕಳು ಓಡಿ ಬಂದು ನಿಂತರು. ಹದಿನಾರರ ಕಾರ್ಡಿಗೆ ಒಬ್ಬರು ಬೇಕಿತ್ತು. ಅಲ್ಲೇ ಸ್ವಲ್ಪ ದೂರದಲ್ಲಿ ಅವನು ಬಕೆಟ್ ಹಿಡಿದು ನಿಂತಿದ್ದ. “ಬಾರೋ, ಇದನ್ನ ಹಿಡ್ಕೋ” ಅಂದೆ. ಬಕೆಟ್ ಕೆಳಗಿಟ್ಟು ಬಂದ. ಒಂದು ಮಾತೂ ಆಡಲಿಲ್ಲ. ಆದರೆ ಕಾರ್ಡು ಯಾವಾಗ ತಿರುಗಿಸಬೇಕು ಅಂತ ಒಮ್ಮೆಯೂ ತಪ್ಪಲಿಲ್ಲ.

ಹತ್ತನೇ ಕ್ಲಾಸು ಮುಗಿಸಿ ಬರುತ್ತಿದ್ದ ನಮ್ಮ ಕನ್ನಡ ಮೇಷ್ಟ್ರು ನಿಂತು ನೋಡಿದರು. ಐದು ನಿಮಿಷ ನೋಡಿ, “ಇದೇನ್ ಮೇಡಂ, ಇದು ಲಘು ಗುರು ಅಲ್ವೇನ್ರೀ?” ಅಂದರು.

ನನಗೆ ತಟ್ಟನೆ ಹೊಳೆಯಲಿಲ್ಲ. ಅವರು ಕಡ್ಡಿ ತೆಗೆದುಕೊಂಡು ನೆಲದ ಮೇಲೆ ಬರೆದರು. ಮೂರು ಅಕ್ಷರಕ್ಕೆ ಒಂದು ಗಣ. ಒಂದೊಂದು ಅಕ್ಷರವೂ ಲಘು ಅಥವಾ ಗುರು. ಹಾಗಾಗಿ ಒಟ್ಟು ಎಂಟೇ ಗಣ: ಯ, ಮ, ತ, ರ, ಜ, ಭ, ನ, ಸ. ನಾನು ಪಕ್ಕದಲ್ಲಿ ಮೂರು ಕಾರ್ಡಿನ ಲೆಕ್ಕ ಬರೆದೆ. 000ದಿಂದ 111ರವರೆಗೆ, ಎಂಟೇ. ಮಕ್ಕಳು ಬಾಯಿ ಬಿಟ್ಟುಕೊಂಡು ನೋಡಿದರು. ನಾವಿಬ್ಬರೂ ಬಾಯಿ ಬಿಟ್ಟುಕೊಂಡೇ ನೋಡಿದೆವು. ಹದಿನೆಂಟು ವರ್ಷದಿಂದ ಒಂದೇ ಸ್ಟಾಫ್ ರೂಮಿನಲ್ಲಿ ಕಾಫಿ ಕುಡಿಯುತ್ತಿದ್ದೇವೆ. ಅವರ ಪಾಠದ ಒಳಗೆ ನನ್ನ ಪಾಠ ಇದೆ ಅಂತ ಇಬ್ಬರಿಗೂ ಗೊತ್ತಿರಲಿಲ್ಲ. ಛಂದಸ್ಸಿನಲ್ಲಿ ಇಂಥ ಪ್ರಸ್ತಾರದ ಲೆಕ್ಕ ಪಿಂಗಳನ ಕಾಲದಿಂದಲೂ ಇದೆ ಅಂತ ಅವರು ವಿವರಿಸಿ, ಹೊರಡುವಾಗ ಮಕ್ಕಳಿಗೆ, “ಹಂಗಂತ ಕಂಪ್ಯೂಟರ್ ಕಂಡುಹಿಡಿದಿದ್ದೇ ನಾವು ಅಂತ ಪರೀಕ್ಷೇಲಿ ಬರೀಬೇಡ್ರಪ್ಪ” ಅಂದರು.

ಆ ದಿನ ಮೊದಲ ಬಾರಿಗೆ ಒಂದು ಒಬ್ಬಟ್ಟು ಹರಿಯದೆ ಎದ್ದಿತ್ತು.

ಆಮೇಲೆ ಗವಸು ತೆಗೆದೆವು. ಹತ್ತರಲ್ಲಿ ಆರು ಕಂಪ್ಯೂಟರು ಕಣ್ಣು ಬಿಟ್ಟವು. ‘ಸ್ಕ್ರ್ಯಾಚ್’ ಎಂಬ ತಂತ್ರಾಂಶವನ್ನು ಮಗಳು ಹಾಕಿಕೊಟ್ಟಳು. ಅಮೆರಿಕದ ಎಂಐಟಿಯವರು 2007ರಲ್ಲಿ ಮಕ್ಕಳಿಗಾಗಿ ಬಿಡುಗಡೆ ಮಾಡಿದ್ದು. ದುಡ್ಡಿಲ್ಲ, ಒಮ್ಮೆ ಹಾಕಿಕೊಂಡರೆ ಇಂಟರ್ನೆಟ್ಟೂ ಬೇಡ. ಆದೇಶಗಳೆಲ್ಲ ಬಣ್ಣದ ಇಟ್ಟಿಗೆಗಳ ಹಾಗೆ. ಒಂದಕ್ಕೊಂದು ಜೋಡಿಸಿದರೆ ಪರದೆಯ ಮೇಲಿನ ಬೆಕ್ಕು ಹೇಳಿದಂತೆ ನಡೆಯುತ್ತದೆ. ಈ ಸಲ ಮಗಳಿಗೆ ಒಂದು ಷರತ್ತು ಹಾಕಿದ್ದೆ: “ನೀನು ಬಾಯಲ್ಲಿ ಹೇಳು, ಮೌಸ್ ಮುಟ್ಟಬೇಡ.” ಅವಳು ಕೈ ಹಿಂದೆ ಕಟ್ಟಿಕೊಂಡು ಕೂತಿದ್ದಳು, ಪಾಪ. ಬೆಕ್ಕಿನಿಂದ ಚೌಕ ಬರೆಸುವುದನ್ನು ಮನೆಯಲ್ಲಿ ಏಳೆಂಟು ಸಲ ಅಭ್ಯಾಸ ಮಾಡಿಕೊಂಡು ಹೋದೆ. ನೂರು ಹೆಜ್ಜೆ ನಡೆ, 90 ಡಿಗ್ರಿ ತಿರುಗು. ನಾಲ್ಕು ಸಲ. ಚೌಕ ರೆಡಿ.

ಕ್ಲಾಸಿನಲ್ಲೂ ಚೌಕ ಬಂತು. ಚಪ್ಪಾಳೆಯೂ ಬಂತು. ಯಾರೋ ಕೂಗಿದರು, “ತ್ರಿಕೋನ ಬಿಡ್ಸಿ ಮಿಸ್!”

ತ್ರಿಕೋನ ಅಭ್ಯಾಸ ಮಾಡಿರಲಿಲ್ಲ. ಆದರೇನು, ನನ್ನದು ಹೇಗೂ ಮ್ಯಾಥ್ಸ್ ಅಲ್ವಾ! ಸಮಬಾಹು ತ್ರಿಭುಜದ ಕೋನ 60 ಡಿಗ್ರಿ ಅಂತ ನಿದ್ದೆಯಲ್ಲೂ ಹೇಳುತ್ತೇನೆ. ನೂರು ಹೆಜ್ಜೆ ನಡೆ, 60 ಡಿಗ್ರಿ ತಿರುಗು, ಮೂರು ಸಲ. ಬೆಕ್ಕು ನಡೆಯಿತು. ತ್ರಿಕೋನ ಬರಲಿಲ್ಲ. ಹಿಡಿ ಕಿತ್ತುಹೋದ ಕುಡುಗೋಲಿನಂಥದ್ದೇನೋ ಬಾಯಿ ತೆರೆದುಕೊಂಡು ಕೂತಿತು.

ಮತ್ತೊಮ್ಮೆ ಮಾಡಿದೆ. ಮತ್ತದೇ ಕುಡುಗೋಲು. ಕತ್ತಿನ ಹಿಂದೆ ಬೆವರು. ಒಬ್ಬ ಹುಡುಗಿ, “ಇನ್ನೂ ಮೂರ್ ಸಲ ತಿರುಗ್ಸಿ ಮಿಸ್, ಸೇರ್ಕೊಳ್ಳುತ್ತೆ” ಅಂದಳು. ಆರು ಸಲ ಹಾಕಿದೆ. ಸೇರಿಕೊಂಡಿತು. ಆದರೆ ಅದು ತ್ರಿಕೋನವಲ್ಲ, ಜೇನುಗೂಡಿನ ಕೋಣೆಯಂಥ ಷಡ್ಭುಜ. ಕ್ಲಾಸು ನಕ್ಕಿತು. ಬೆಲ್ಲು ಹೊಡೆಯಬಾರದಾ ದೇವರೇ ಅನ್ನಿಸಿತು. ಇನ್ನೂ ಇಪ್ಪತ್ತು ನಿಮಿಷವಿತ್ತು.

ಬಾಗಿಲ ಬಳಿ ಅವನು ನಿಂತಿದ್ದ. ಅವತ್ತು ಬಕೆಟ್ ಇರಲಿಲ್ಲ. ಪರದೆಯನ್ನೇ ನೋಡುತ್ತಿದ್ದ, ತುಟಿ ಅಲ್ಲಾಡುತ್ತಿತ್ತು. ಅವನಿಗೆ ಗೊತ್ತಾಗಿದೆ ಅಂತ ನನಗೆ ಗೊತ್ತಾಯಿತು.

“ಏನೋ ಹೇಳ್ಬೇಕು ಅಂತಿದ್ಯಾ?”

ತಲೆ ಅಲ್ಲಾಡಿಸಿದ, ಇಲ್ಲ ಅಂತ. ಷಡ್ಭುಜ ಬರೆಸಿದ್ದ ಆ ಹುಡುಗಿಯೇ ಅವನ ಪರವಾಗಿ ಹೇಳಿದಳು, “ಹೇಳಿದ್ರೆ ಬೈತೀರಲ್ಲ ಮಿಸ್.”

ಇಪ್ಪತ್ತೆರಡು ವರ್ಷದ ಸರ್ವಿಸ್‌ನಲ್ಲಿ ಇನ್ಸ್‌ಪೆಕ್ಷನ್‌ಗೆ ಬಂದ ಯಾವ ಅಧಿಕಾರಿಯೂ ನನಗೆ ಅಷ್ಟು ನೇರವಾದ ಷರಾ ಬರೆದಿರಲಿಲ್ಲ.

ಕುರ್ಚಿಯಿಂದ ಎದ್ದೆ. ಹೇಳಿದೆ: “ನೋಡಿ ಮಕ್ಕಳೇ, ಜುಲೈನಲ್ಲಿ ಇವನು ರ‍್ಯಾಮ್ ಬಗ್ಗೆ ಹೇಳಿದ್ದು ಸರಿ. ನಾನು ಹೇಳಿದ್ದು ತಪ್ಪು. ಅವತ್ತು ರಾತ್ರೀನೇ ನನಗೆ ಗೊತ್ತಾಯ್ತು. ಆದ್ರೂ ಬಂದು ಹೇಳ್ಲಿಲ್ಲ, ನಾಚಿಕೆ ಆಯ್ತು. ನಿಮ್ಮ ನೋಟ್ಸಲ್ಲಿ ತಿದ್ಕೊಳ್ಳಿ. ಅವನನ್ನ ಎಲ್ಲರ ಮುಂದೆ ನಗಿಸ್ಕೊಂಡಿದ್ದು ಅದಕ್ಕಿಂತ ದೊಡ್ಡ ತಪ್ಪು. ಈಗ ಈ ತ್ರಿಕೋನ ಯಾಕೆ ಬರ್ತಿಲ್ಲ ಅಂತ್ಲೂ ನನಗೆ ಗೊತ್ತಿಲ್ಲ. ಯಾರಿಗಾದ್ರೂ ಗೊತ್ತಿದ್ರೆ ಹೇಳ್ಕೊಡಿ.”

ಕ್ಲಾಸು ಸದ್ದಿಲ್ಲದೆ ಕೂತಿತ್ತು. ನನ್ನ ಕಾಲು ನಡುಗುತ್ತಿತ್ತು. ಆದರೆ ವಿಚಿತ್ರ ನೋಡಿ, ‘ಗೊತ್ತಿಲ್ಲ’ ಅಂದುಬಿಟ್ಟ ಮೇಲೆ ಬಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ, ನಡುಕ ತಾನಾಗೇ ನಿಂತಿತು.

ಅವನು ನಿಧಾನಕ್ಕೆ ಬಂದು ಸೀಮೆಸುಣ್ಣ ಕೇಳಿದ. ನೆಲದ ಮೇಲೆ ದೊಡ್ಡದೊಂದು ತ್ರಿಕೋನ ಬರೆದ. ಅದರ ಗೆರೆಯ ಮೇಲೆ ತಾನೇ ಬೆಕ್ಕಿನ ಹಾಗೆ ನಡೆದ. ಮೂಲೆಗೆ ಬಂದು ನಿಂತ.

“ಬೆಕ್ಕು ಮುಂದಕ್ಕೆ ನೋಡ್ತಿರುತ್ತೆ ಮಿಸ್. 60 ಇರೋದು ಒಳಗಡೆ. ಬೆಕ್ಕು ಮುಂದಕ್ಕೆ ನೋಡ್ತಿದ್ದದ್ದು ಎಷ್ಟು ತಿರುಗಬೇಕು? ಇಷ್ಟು.” ಅಂತ ತೋರಿಸುತ್ತಾ ಮೈಯನ್ನೇ ತಿರುಗಿಸಿದ. ಅರ್ಧ ಸುತ್ತಿಗಿಂತ ಸ್ವಲ್ಪ ಕಡಿಮೆ.

ಬಾಹ್ಯಕೋನ! 180ರಲ್ಲಿ 60 ಕಳೆದರೆ 120. ಬಹುಭುಜಾಕೃತಿಯ ಬಾಹ್ಯಕೋನಗಳ ಮೊತ್ತ 360 ಡಿಗ್ರಿ ಅಂತ ವರ್ಷವರ್ಷವೂ ಬೋರ್ಡಿನ ಮೇಲೆ ಬರೆದು ಚೌಕಟ್ಟು ಹಾಕುವವಳು ನಾನು. ಆ ಸೂತ್ರವನ್ನು ನಡೆದು ನೋಡಿರಲಿಲ್ಲ. ಚೌಕದಲ್ಲಿ ಒಳಕೋನವೂ 90, ಹೊರಕೋನವೂ 90. ಹಾಗಾಗಿ ನನ್ನ ತಪ್ಪು ಚೌಕದೊಳಗೆ ಬೆಚ್ಚಗೆ ಅಡಗಿ ಕೂತಿತ್ತು, ತ್ರಿಕೋನಕ್ಕೆ ಬಂದಾಗ ಸಿಕ್ಕಿಬಿತ್ತು. 120 ಹಾಕಿದೆವು. ಬೆಕ್ಕು ಮೂರು ಸಲ ತಿರುಗಿ, ಹೊರಟ ಜಾಗಕ್ಕೇ ಬಂದು ನಿಂತಿತು. ಐದು ಮೂಲೆಗೆ ಎಷ್ಟು ಅಂದೆ. 360ನ್ನು ಐದರಿಂದ ಭಾಗಿಸಿ “72!” ಅಂತ ಆರೇಳು ಮಕ್ಕಳು ಒಟ್ಟಿಗೇ ಕೂಗಿದರು.

ಸೆಮೋರ್ ಪ್ಯಾಪರ್ಟ್ ಎಂಬ ಗಣಿತಜ್ಞರು 1960ರ ದಶಕದಲ್ಲೇ ಜೊತೆಗಾರರೊಡನೆ ‘ಲೋಗೋ’ ಎಂಬ ಭಾಷೆ ಮಾಡಿದ್ದರು. ಅದರಲ್ಲಿ ಬೆಕ್ಕಿನ ಬದಲು ಆಮೆ. ಆಮೆ ಹೇಗೆ ತಿರುಗಬೇಕು ಅಂತ ಮಗು ತನ್ನ ಮೈಯನ್ನೇ ತಿರುಗಿಸಿ ಕಂಡುಕೊಳ್ಳುತ್ತದೆ, ತಪ್ಪಾದದ್ದನ್ನು ಹುಡುಕಿ ಸರಿಪಡಿಸುವುದೇ ಕಲಿಕೆ ಅಂತ 1980ರಲ್ಲಿ ಪುಸ್ತಕವನ್ನೂ ಬರೆದರು. ಅದನ್ನು ನಾನು ಓದಿದ್ದು ಆಮೇಲೆ. ಮೊದಲು ತೋರಿಸಿಕೊಟ್ಟವನು ನಮ್ಮ ಹುಡುಗ.

ಹೊರಗೆ ಹೋಗುವಾಗ ಅವನನ್ನು ನಿಲ್ಲಿಸಿ, “ಬೇಜಾರಿದ್ಯೇನೋ ಇನ್ನೂ?” ಅಂದೆ. ನೆಲ ನೋಡುತ್ತಾ, “ಪರವಾಗಿಲ್ಲ ಮಿಸ್” ಅಂದ. ಆ ‘ಪರವಾಗಿಲ್ಲ’ದಲ್ಲಿ ಪೂರ್ತಿ ಪರವಾಗಿಲ್ಲ ಅನ್ನುವುದು ಇರಲಿಲ್ಲ. ಇರಲಿ. ಒಂದು ನಿಮಿಷದಲ್ಲಿ ಕಿತ್ತುಹಾಕಿದ್ದು ಒಂದು ನಿಮಿಷದಲ್ಲಿ ಚಿಗುರುವುದಿಲ್ಲ.

ನಾನೀಗ ಕಂಪ್ಯೂಟರ್ ಪಂಡಿತೆಯಾಗಿದ್ದೇನೆ ಅಂದುಕೊಳ್ಳಬೇಡಿ. ಮಕ್ಕಳಿಗಿಂತ ಒಂದು ವಾರ ಮುಂದಿದ್ದೇನೆ, ಕೆಲವು ವಾರ ಅದೂ ಇಲ್ಲ. ಆದರೆ ಕೆಲವು ಅಭ್ಯಾಸ ಮಾಡಿಕೊಂಡಿದ್ದೇನೆ. ನನ್ನ ಹಾಗೆ ಬೀಗದಕೈ ಹಿಡಿದು ಕೂತ ಟೀಚರುಗಳು ಇದನ್ನು ಓದುತ್ತಿದ್ದರೆ ಅವರಿಗಾಗಿ ಹೇಳುತ್ತೇನೆ. ಪಾಠದ ಹಿಂದಿನ ದಿನ ಆ ಕೆಲಸವನ್ನು ನಿಮ್ಮ ಕೈಯಿಂದಲೇ ಒಮ್ಮೆ ಮಾಡಿ, ಬೇಕೆಂದೇ ಒಮ್ಮೆ ಕೆಡಿಸಿ ನೋಡಿ. ಕ್ಲಾಸಿನಲ್ಲಿ ಗೊತ್ತಿಲ್ಲದ್ದು ಬಂದರೆ ಬೋರ್ಡಿನ ಮೂಲೆಯಲ್ಲಿ ಬರೆದಿಡಿ, ಮುಂದಿನ ವಾರ ಉತ್ತರದ ಸಮೇತ ಅಳಿಸಿ. ನಮ್ಮ ಬೋರ್ಡಿನ ಆ ಮೂಲೆಗೆ ಮಕ್ಕಳು ‘ಮಿಸ್ ಹೋಮ್‌ವರ್ಕ್’ ಅಂತ ಹೆಸರಿಟ್ಟಿದ್ದಾರೆ. ಹೆಚ್ಚು ಗೊತ್ತಿರುವ ಮಗುವನ್ನು ಗದರಿಸಬೇಡಿ. ಹಾಗಂತ ಅವನನ್ನು ಬಿಟ್ಟಿ ರಿಪೇರಿಯವನನ್ನಾಗಿಯೂ ಮಾಡಿಕೊಳ್ಳಬೇಡಿ. ಪಕ್ಕದ ಶಾಲೆಯಲ್ಲಿ ನಿಮ್ಮಂಥ ಇನ್ನೊಬ್ಬರನ್ನು ಹುಡುಕಿಕೊಳ್ಳಿ. ನಾನು ಮತ್ತು ಆ ವಿಜ್ಞಾನ ಟೀಚರ್ ಬುಧವಾರ ರಾತ್ರಿ ಹತ್ತು ನಿಮಿಷ ಫೋನಿನಲ್ಲಿ ಮಾತಾಡುತ್ತೇವೆ. ಮೊದಲ ಐದು ನಿಮಿಷ ಮೊಣಕಾಲು ನೋವಿನದು, ಉಳಿದದ್ದು ಪಾಠದ್ದು.

ಮನೆಯವರಿಗೂ ಒಂದು ಮಾತು. ಅಮ್ಮನೋ ಅತ್ತೆಯೋ ಮೊಬೈಲ್ ಹಿಡಿದು ತಡಕಾಡುವಾಗ ಕಿತ್ತುಕೊಂಡು ಮಾಡಿಕೊಡಬೇಡಿ. ಎರಡು ನಿಮಿಷ ಜಾಸ್ತಿ ಆಗಲಿ. ಆ ಎರಡು ನಿಮಿಷದಲ್ಲೇ ಅವರಿಗೆ ‘ನನ್ನಿಂದಾಗುತ್ತೆ’ ಅನ್ನುವುದು ಸಿಗಬೇಕು.

ಅರ್ಧವಾರ್ಷಿಕ ಪರೀಕ್ಷೆಯ ಗಣಿತದ ಪೇಪರ್ ಕಳೆದ ಭಾನುವಾರ ತಿದ್ದುತ್ತಿದ್ದೆ. ಅವನದು ಬಂತು. ಮಗ್ಗಿ ಇನ್ನೂ ಕೈಕೊಡುತ್ತಿದೆ. ಗುಣಾಕಾರದಲ್ಲಿ ಎರಡು ಕಡೆ ತಪ್ಪಿದ್ದಾನೆ. ಬಾಹ್ಯಕೋನದ ಲೆಕ್ಕ ಮಾತ್ರ ಹಂತ ಹಂತವಾಗಿ ಸರಿ. ಚಿತ್ರದ ಮೂಲೆಯಲ್ಲಿ, ಬಾಣದ ಗುರುತು ಹಾಕುವ ಜಾಗದಲ್ಲಿ, ಪೆನ್ಸಿಲ್ಲಿನಲ್ಲಿ ಸಣ್ಣದೊಂದು ಬೆಕ್ಕು ಬರೆದಿದ್ದ. ಮುಂದಕ್ಕೆ ನೋಡುತ್ತಿತ್ತು.

ನಿಯಮದ ಪ್ರಕಾರ ಉತ್ತರಪತ್ರಿಕೆಯಲ್ಲಿ ಬೇಡದ ಚಿತ್ರ ಬರೆಯಬಾರದು. ಪೂರ್ತಿ ಅಂಕ ಕೊಟ್ಟೆ.